ಶಟ್ಟೆಪ್ಪನ ಹಸಿರು ಚೀಟಿ

ಯಶೋಧಾ ಹಾರ್ಡ್ ಡಿಸ್ಕನ್ನು ಶಟ್ಟೆಪ್ಪನ ಕೌಂಟರಿನ ಮೇಲೆ ಕುಕ್ಕಿದಳು. ಅವನೇ ಅಂಟಿಸಿದ ಹಸಿರು ಚೀಟಿಗೆ ಇನ್ನೂ ಹೊಸ ಕಳೆಯಿತ್ತು: ‘ಟೆಸ್ಟ್ ಆಗಿದೆ, ಗಟ್ಟಿ ಮಾಲು.’

“ಮದಿವಿ ಪೂರಾ ಹೋತ್ರಿ, ಶಟ್ಟೆಪ್ಪಣ್ಣಾರ! ಕಂಪ್ಯೂಟರಿಗೆ ಹಚ್ಚಿದ್ರ ಕಟ್ ಕಟ್ ಅಂತೈತಿ, ಒಂದ ಫೋಟೋ ತೋರ್ಸವಲ್ದು. ಹೆಣ್ಣಿನ ಮನ್ಯಾರು ಆಲ್ಬಮ್ ಕೇಳಾಕ ಹತ್ಯಾರ. ಏನ್ ಹೇಳ್ಲಿ? ಇನ್ನೊಮ್ಮಿ ಅಕ್ಕಿಕಾಳ ಹಾಕಸ್ರಿ ಅನ್ಲೇನು?”

ಆಫೀಸುಗಳು ಎಸೆದ ಹಳೆಯ ಕಂಪ್ಯೂಟರ್ ತಂದು, ಬಿಚ್ಚಿ, ಬೈಲಹೊಂಗಲ ಪೇಟೆಯಲ್ಲಿ ಮಾರುವವನು ಶಟ್ಟೆಪ್ಪ. ಡಿಸ್ಕಿಗೆ ವೈರು ಚುಚ್ಚಿ, ತಿರುಗುವ ಸದ್ದಿಗೆ ಕಿವಿ ಕೊಟ್ಟು, ಗಡಿಗೆ ಕೊಳ್ಳುವವರಂತೆ ಬೆರಳಿನಿಂದ ಬಡಿದು ನೋಡಿದರೆ ಅವನ ಪರೀಕ್ಷೆ ಮುಗಿಯಿತು. ಒಳಗಿನದನ್ನೆಲ್ಲ ಓದಿಸಿ ನೋಡಲು ಇಡೀ ದಿನ ಬೇಕು. ಅಷ್ಟು ಪುರಸೊತ್ತು ಅವನಿಗೆಲ್ಲಿ? ಆ ಚೀಟಿ ನಂಬಿ ಯಶೋಧಾ ತಾನು ತೆಗೆದ ಮದುವೆಯ ಫೋಟೋಗಳನ್ನೆಲ್ಲ ಅದರಲ್ಲಿ ತುಂಬಿ, ಮುಂದಿನ ಕೆಲಸಕ್ಕೆಂದು ಕ್ಯಾಮೆರಾದ ಕಾರ್ಡು ಅಳಿಸಿದ್ದಳು. ಮುರಗೋಡದಲ್ಲಿ ಹೆಂಗಸೊಬ್ಬಳು ಫೋಟೋ ಸ್ಟುಡಿಯೋ ಇಟ್ಟಳೆಂದು ನಕ್ಕವರಿಗೆಲ್ಲ ಈಗ ಹಬ್ಬ.

“ಎರಡ ಕಡೆ ಇಟ್ಕೋಬೇಕವಾ ತಂಗಿ,” ಶಟ್ಟೆಪ್ಪ ತಲೆಯನ್ನೂ ಎತ್ತಲಿಲ್ಲ. “ಹಳೇ ಮಾಲಿಗೆ ಯಾರ ಗ್ಯಾರಂಟಿ ಕೊಡ್ತಾರ?”

“ಮತ್ತ ಈ ಚೀಟಿ ಯಾಕ ಹಚ್ಚೀರಿ? ಚಂದ ಕಾಣ್ಲಿ ಅಂತೇನು?”

ಅವಳಿಗೆ ಮೈಯೆಲ್ಲ ಉರಿಯಿತು. ಮಾಡುವುದನ್ನೆಲ್ಲ ಮಾಡಿ, ಮೇಲೆ ಬುದ್ಧಿವಾದ ಬೇರೆ! ಶಟ್ಟೆಪ್ಪ ಬುಟ್ಟಿಯಿಂದ ಇನ್ನೊಂದು ಡಿಸ್ಕ್ ತೆಗೆದು, ಬೆರಳಿನಿಂದ ಬಡಿದು, ಹಸಿರು ಚೀಟಿ ಒತ್ತಿದ.

“ಸಿಟ್ಟಾಗಬ್ಯಾಡ. ಇದನ್ನ ಪುಕ್ಕಟ ಒಯ್ಯಿ. ಕಲ್ಲ ಇದ್ದಂಗ ಐತಿ.”

ಅವನ ಹಿಂದಿನ ಕಂಪ್ಯೂಟರಿನಲ್ಲಿ ಮಗಳು ಮೀನಾಳ ಮದುವೆಯ ವಿಡಿಯೋ ಓಡುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸುವುದು ಅವನ ಚಟ. ಯಶೋಧಾ ಅದನ್ನೊಮ್ಮೆ ನೋಡಿ, ಹೊಸ ಚೀಟಿಯ ಡಿಸ್ಕನ್ನು ಅವನ ಕಡೆಗೇ ಸರಿಸಿದಳು.

“ಹಂಗಾರ ಮೀನಾನ ಮದಿವಿ ಇದರಾಗ ಹಾಕ್ರಿ. ಹಾಕಿ, ಬ್ಯಾರೆ ಕಡೆ ಇದ್ದದ್ದೆಲ್ಲಾ ನನ್ನ ಮುಂದ ಅಳಿಸಿಬಿಡ್ರಿ. ಆಮ್ಯಾಲ ಇಂಥಾದ ಇನ್ನೊಂದ ನಾ ಒಯ್ತೇನಿ.”

ಶಟ್ಟೆಪ್ಪ ಡಿಸ್ಕನ್ನು ಕೈಗೆತ್ತಿಕೊಂಡ. ಪರದೆಯ ಮೇಲೆ ಮೀನಾ ಕೆನ್ನೆಗೆ ಅರಿಷಿಣ ಹಚ್ಚಿಸಿಕೊಂಡು ನಗುತ್ತಿದ್ದಳು. ಅವನು ಮಗಳ ಮುಖ ನೋಡಿದ, ಚೀಟಿ ನೋಡಿದ. ಆಮೇಲೆ ಡಿಸ್ಕನ್ನು ಮೆಲ್ಲಗೆ ಬುಟ್ಟಿಗೆ ವಾಪಸ್ ಹಾಕಿದ.

“ಟೆಸ್ಟ ಈಗ ಆತ ನೋಡ್ರಿ,” ಎಂದಳು ಯಶೋಧಾ.