ದೀಪ ಹಚ್ಚಿದ ಮೇಲಿನ ಹೆಸರು

ಗಂಡನ ರೈಲ್ವೆ ಕೆಲಸದ ಹಿಂದೆ ಕಲಬುರಗಿಗೆ ಬಂದು ನಲವತ್ತು ವರ್ಷವಾದರೂ ಹೊನ್ನಮ್ಮ ಆಗೇರ ತಿಂದದ್ದು ತವರಿನ ಉಪ್ಪನ್ನೇ. ಎಲ್ಲರ ಹಾಗೆ ಆಕೆಯ ಥೈರಾಯ್ಡಿನ ಬಾಗಿಲೂ ಹುಟ್ಟೂರಿನ ಉಪ್ಪಿನ ಅಯೋಡೈಡಿಗೆ ಮಾತ್ರ ತೆರೆಯುತ್ತಿತ್ತು. ವರ್ಷಕ್ಕೊಂದು ಗೋಣಿ ಬರುತ್ತಿತ್ತು, ಒಣಸೀಗಡಿಯ ವಾಸನೆ ಹೊತ್ತು. ಆಮೇಲೆ ಕಡಲು ತವರಿನ ಉಪ್ಪಿನ ಆಗರವನ್ನೇ ನುಂಗಿತು. ಗೋಣಿ ನಿಂತಿತು, ಹೊನ್ನಮ್ಮನ ಕತ್ತು ಊದತೊಡಗಿತು.

ಆರೋಗ್ಯ ಕೇಂದ್ರದಲ್ಲಿ ಅವಳ ಸರದಿ ಬಂದಾಗ ಸಂಜೆಯಾಗಿತ್ತು. ನರ್ಸ್ ಶಾಂತಾಬಾಯಿ ದೀಪ ಹಾಕಿ ಸೂಜಿ ಎತ್ತಿಕೊಂಡಳು.

"ಇದು ಹೊಸ ಬಾಗಿಲಿನ ಪ್ರೋಟೀನ್, ಆಯಿ. ಇನ್ಮ್ಯಾಲ ಇಲ್ಲಿನ ಅಂಗಡಿ ಉಪ್ಪು ನಡೀತದ. ನಿಮ್ಮೂರಿಂದು ತಿಂದ್ರೂ ಒಳಗ ಬಿಟ್ಕೊಳ್ಳಂಗಿಲ್ಲ."

"ದೀಪ ಹಚ್ಚಿದ್ ಮೇಲೆ ಅದ್ರ ಹೆಸ್ರು ಹೇಳೂಕಾಗ, ತಂಗೀ," ಎಂದಳು ಹೊನ್ನಮ್ಮ.

ಶಾಂತಾಬಾಯಿ ನಕ್ಕು ಸೂಜಿ ಚುಚ್ಚಿದಳು. ಹೊನ್ನಮ್ಮ ಕಣ್ಣು ಮುಚ್ಚಿದಳು. ಆಗರದ ದಂಡೆಯಲ್ಲಿ ಕತ್ತಲಾಗುತ್ತಿದ್ದಂತೆ ಉಪ್ಪು ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬೆಳಗಿನ ತನಕ ಅದು ‘ರುಚಿ’. ತಾಯಿ ರಾಶಿಯಿಂದ ಒಂದು ಹರಳು ನಾಲಗೆಗಿಟ್ಟುಕೊಂಡು, "ಈ ಸಲ ರುಚಿ ಬೆಳ್ಳಗೆ ಬಂತು," ಎನ್ನುತ್ತಿದ್ದಳು.

ಶಾಂತಾಬಾಯಿ ಪರೀಕ್ಷೆಗೆಂದು ಅಂಗಡಿ ಉಪ್ಪನ್ನು ಅವಳ ನಾಲಗೆಗೆ ಹಚ್ಚಿ, ಹಾಳೆ ತುಂಬುತ್ತ ಕೇಳಿದಳು.

"ಆಯಿ, ರುಚಿ ಅದ ಏನ್ರಿ?"

ಹೊನ್ನಮ್ಮನ ಕೈ ಸೆರಗಿನ ಗಂಟಿಗೆ ಹೋಯಿತು. ಆಗರದ ಕೊನೆಯ ಹರಳುಗಳು ಒಳಗೇ ಇದ್ದವು.

"ಒಂದ್ ಚಿಟಿಕೆ ಅದೆ, ತಂಗೀ."

‘ರುಚಿ: ಸ್ವಲ್ಪ ಇದೆ’ ಎಂದು ಶಾಂತಾಬಾಯಿ ಬರೆದುಕೊಂಡಳು.