ಅಮ್ಮನ ಹುಬ್ಬು

ಮಗಳು ವ್ಯಾಕ್ಸ್ ಪಟ್ಟಿಯನ್ನು ಸರ್ರನೆ ಎಳೆದಾಗ ಕೂದಲಿನ ಜೊತೆ ಅಮ್ಮನ ಹುಬ್ಬಿನ ಕೆಳಗಿನ ಚರ್ಮವೂ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಅಮ್ಮ ಅಯ್ಯೋ ಅನ್ನಲಿಲ್ಲ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು, ಅಷ್ಟೇ.

ತಣ್ಣೀರಿನ ಬಟ್ಟೆ ಒತ್ತುತ್ತಾ ಮಗಳು ತನ್ನನ್ನೇ ಬೈದುಕೊಂಡಳು. ಅವಳ ಪಾರ್ಲರಿಗೆ ಯಾರೇ ಬರಲಿ, ವ್ಯಾಕ್ಸ್ ಬಿಸಿಗಿಡುವ ಮೊದಲು "ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ?" ಎಂದು ಕೇಳದೆ ಬಿಟ್ಟವಳಲ್ಲ. ದೊಡ್ಡ ಕಾಯಿಲೆಗಳ ಕೆಲವು ಔಷಧಿಗಳು ಚರ್ಮವನ್ನು ತೆಳ್ಳಗೆ ಮಾಡಿಬಿಡುತ್ತವೆ. ಹೆತ್ತ ತಾಯಿಯನ್ನು ಅದೇನು ಕೇಳುವುದು? ನೆಗಡಿಯಾದರೂ ಊರಿಗೆಲ್ಲ ಡಂಗುರ ಸಾರುವ ಹೆಂಗಸು!

"ಅಮ್ಮಾ, ಮಾತ್ರೆ ಏನಾದ್ರೂ ತಗೊಳ್ತಿದ್ದೀಯಾ?"

"ಬಟ್ಟೆ ಹಾಯಾಗಿದೆ ಕಣೆ."

"ಕೇಳಿದ್ದಕ್ಕೆ ಹೇಳು."

ಕನ್ನಡಿಯಲ್ಲಿ ಅಮ್ಮ ಕಣ್ಣು ತಪ್ಪಿಸಿದಳು. "ತಗೊಳ್ತಿದ್ದೆ. ಇನ್ನು ಸಾಕು ಅಂದ್ರು ಡಾಕ್ಟ್ರು. ನುಂಗಿದ್ರೂ ಏನೂ ಪ್ರಯೋಜನ ಇಲ್ವಂತೆ."

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಹುಬ್ಬಿನ ಕಡೆ ತಿರುಗಿಯೂ ನೋಡದ ಅಮ್ಮ, "ಒಂದು ಒಳ್ಳೆ ಫೋಟೋ ತೆಗೆಸ್ಬೇಕು, ಚೂರು ಚೆಂದ ಮಾಡು" ಎಂದು ಬೆಳಗ್ಗೆ ತಾನಾಗಿಯೇ ಬಂದು ಕೂತಿದ್ದಳು. "ಈ ವಯಸ್ಸಲ್ಲಿ ಯಾರಿಗಮ್ಮಾ ತೋರಿಸೋಕೆ?" ಎಂದು ಮಗಳು ಕಿಸಕ್ಕನೆ ನಕ್ಕಿದ್ದಳು.

ಅಮ್ಮ ಬಟ್ಟೆಯನ್ನು ಮೆಲ್ಲಗೆ ಸರಿಸಿ, ಕೆಂಪಗೆ ಊದಿದ ಜಾಗವನ್ನು ನೋಡಿಕೊಂಡಳು.

"ಇದು ಬೇಗ ಮಾಯುತ್ತಲ್ವಾ?" ಎಂದಳು. "ಆಮೇಲೆ ಆ ಫೋಟೋನ ಗೋಡೆ ಮೇಲೆ ದಿನಾ ನೋಡೋಳು ನೀನು."