ತಲೆಗೆ ಕಾಫಿ ಪುಡಿ

"ತಲೆ ಒಡೆದ್ರೆ ನೀವು ಮೊದಲು ಏನು ಮಾಡ್ತೀರಿ?" ಎಂದು ನಿಶ್ಮಿತಾ ಕೇಳಿದ್ದೇ ತಡ, ಕೊಡ್ಲಿಪೇಟೆಯ ಸಮುದಾಯ ಭವನದಲ್ಲಿ ಸೇರಿದ್ದ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಒಂದೇ ಕೊರಳಲ್ಲಿ "ಕಾಫಿ ಪುಡಿ!" ಎಂದರು.

ಅವಳಿಗೆ ಬೇಕಾಗಿದ್ದೂ ಅದೇ. ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ನರ್ಸಾಗಿದ್ದ ನಿಶ್ಮಿತಾ ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಿದ್ದಳು. ಸಂಪಾಜೆ ಕಡೆಯ ಹೆಣ್ಣು, ಬಾಯಿ ಬಿಟ್ಟರೆ ಸಭೆ ಅವಳದೇ. ಘಾಟಿಯ ತಿರುವುಗಳಲ್ಲಿ ಕಾರು ಗುದ್ದಿಸಿಕೊಂಡು ಬಂದವರ ತಲೆಯಿಂದ ಅವಳು ತೊಳೆದು ತೆಗೆದ ಕಾಫಿ ಪುಡಿಗೆ ಲೆಕ್ಕವೇ ಇಲ್ಲ. ರಕ್ತದಲ್ಲಿ ನೆನೆದ ಆ ಪುಡಿಯ ವಾಸನೆ ಮೂಗಿನಲ್ಲಿ ಬೇರುಬಿಟ್ಟು, ಕಾಫಿ ತೋಟದ ನಡುವೆ ಹುಟ್ಟಿ ಬೆಳೆದವಳು ಕಾಫಿ ಬಿಟ್ಟು ಚಹಾ ಹಿಡಿದಿದ್ದಳು. ಹಾಗಾಗಿ ಆ ಪುಡಿಯ ಮೇಲೆ ಅವಳಿಗೆ ಹಳೇ ಸೇಡು.

"ಪುಡಿ ಇರೋದು ಕುಡಿಯೋಕೆ, ಮೆದುಳಿಗೆ ಕಷಾಯ ಕಾಸೋಕಲ್ಲ!" ಎಂದಳು. ಹೆಂಗಸರು ನಕ್ಕರು. "ನೀವು ಸುರೀತೀರಿ, ಅದು ಅಲ್ಲೇ ಮುದ್ದೆ ಕಟ್ಟಿ ಕೂರ್ತದೆ. ಗಾಯ ಎಷ್ಟು ಆಳ ಉಂಟು ಅಂತ ನಮಗೆ ಕಾಣೋದೇ ಇಲ್ಲ. ತೊಳೆದು ತೆಗೆಯುವಷ್ಟರಲ್ಲಿ ಇದ್ದ ಜೀವವೂ ಹೋಗ್ತದೆ. ಮಗನ್ನ ಕೊಲ್ಲೋದು ಕಾರಲ್ಲ, ಅವ್ವನ ಕಾಫಿ ಡಬ್ಬಿ!"

ಈ ಮಾತಿಗೆ ಎಲ್ಲ ಊರಿನಲ್ಲೂ ನಗು ಬೀಳುತ್ತಿತ್ತು. ಇಲ್ಲೂ ಬಿತ್ತು. ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತದ್ದನ್ನು ಕಂಡು ಅಕ್ಕಪಕ್ಕದವರ ನಗು ನಿಂತಿತು, ಆಮೇಲೆ ಉಳಿದವರದ್ದೂ.

"ಸಿಸ್ಟರಮ್ಮ, ಹಂಗಾದ್ರೆ ನಮ್ಮ ಕೀರ್ತಿನ ನಾನೇ ಕೊಂದ್ಬಿಟ್ನಾ?"

ಸಂಘದ ಅಧ್ಯಕ್ಷೆ ಹೊನ್ನಮ್ಮ ಗಡಬಡಿಸಿ ಎದ್ದರು. "ಸುಲೋಚನಾ, ಕೂತ್ಕಳೇ. ಅವ್ರೇನೋ ತಮಾಷೆಗಂದ್ರು." ಮತ್ತೆ ನಿಶ್ಮಿತಾಳ ಕಿವಿಯ ಹತ್ತಿರ ಬಗ್ಗಿ, "ಹೋದ ವರ್ಷ ಇವ್ರ ಮನೆ ಮುಂದಿನ ತಿರುವಲ್ಲೇ ಮಗನ ಕಾರು ತೋಟದಂಚಿನ ಸಿಲ್ವರ್ ಓಕ್ ಮರಕ್ಕೆ ಗುದ್ದಿತ್ತು. ಕೀರ್ತಿಕುಮಾರ್ ಅಂತ. ಅವತ್ತಿಂದ ಮನೆ ಬಿಟ್ಟು ಆಚೆ ಬಂದಿರ್ಲಿಲ್ಲ. ಇವತ್ತು ನಾನೇ ಬಲವಂತ ಮಾಡಿ ಕರ್ಕಂಡು ಬಂದೆ," ಎಂದು ಪಿಸುಗುಟ್ಟಿದರು.

ಸುಲೋಚನಮ್ಮ ಕೂರಲಿಲ್ಲ. "ಡಬ್ಬಿ ಪೂರ್ತಿ ಸುರುವಿದ್ದೆ. ಅಮ್ಮಾ ಅಂತಿದ್ದ, ದಾರೀಲಿ ಸುಮ್ಮನಾದ."

ನಿಶ್ಮಿತಾಳಿಗೆ ಎಲ್ಲ ನೆನಪಾಯಿತು. ಆ ಮಧ್ಯಾಹ್ನ ಡ್ಯೂಟಿಯಲ್ಲಿದ್ದವಳು ಅವಳೇ. ಜೀಪಿನಿಂದ ಇಳಿಸುವಾಗಲೂ ಆ ಹುಡುಗನ ತಲೆ ಬಿಡದಿದ್ದ ತಾಯಿಯ ಕೈಯನ್ನು ಬಿಡಿಸಿದವಳೂ ಅವಳೇ. ಆ ತಾಯಿಯ ಮುಖ ನೋಡಲು ಆಗ ಪುರುಸೊತ್ತೆಲ್ಲಿತ್ತು? ತಾನು ಊರೂರಿನಲ್ಲಿ ಆಡಿಕೊಂಡು ಬಂದ ಮಾತಿನ ಮೇಲೆ ಅವಳಿಗೆ ಹೇಸಿಗೆಯಾಯಿತು. ಪುಡಿಯಿಂದೇನೂ ಕೆಡುಕಿಲ್ಲ ಎಂದುಬಿಟ್ಟರೆ ಈ ತಾಯಿಯ ಎದೆ ಹಗುರಾಗುತ್ತದೆ, ಆದರೆ ನಾಳೆ ಇನ್ನೊಬ್ಬಳ ಮಗನ ತಲೆಗೆ ಪುಡಿ ಬೀಳುತ್ತದೆ. ಕೆಡುಕೇ ಎಂದುಬಿಟ್ಟರೆ ಈ ತಾಯಿ ಇನ್ನು ಮನೆಯಿಂದ ಹೊರಗೆ ಬರುವುದೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಆದರೂ ನಿಶ್ಮಿತಾ ಅಂಜುವ ಪೈಕಿಯವಳಲ್ಲ. ಮೈಕು ಹೊನ್ನಮ್ಮನ ಕೈಗೆ ಕೊಟ್ಟು, ನೇರ ಹಿಂದಿನ ಸಾಲಿಗೆ ನಡೆದಳು.

"ಕಾರು ಕೊಲ್ಲೋದಿಲ್ಲ ಅಂದದ್ದು ನನ್ನ ತಪ್ಪಮ್ಮ. ನಗಿಸೋಕೆ ಹೇಳಿದ ಮಾತು ಅದು. ನಿಮ್ಮ ಮಗನ್ನ ಅವತ್ತು ನೋಡಿಕೊಂಡದ್ದು ನಾನೇ. ಅವರು ಹೋಗಿದ್ದು ತಲೆಯ ಗಾಯದಿಂದ ಅಲ್ಲ. ಸ್ಟೇರಿಂಗ್ ಎದೆಗೆ ಗುದ್ದಿ ಒಳಗೊಳಗೇ ರಕ್ತ ತುಂಬಿತ್ತು. ಡಾಕ್ಟ್ರಿಗೂ ಉಳಿಸ್ಲಿಕ್ಕೆ ಆಗಲಿಲ್ಲ."

"ನನ್ ಸಮಾಧಾನಕ್ಕೆ ಅಂತೀರ."

"ಸಮಾಧಾನಕ್ಕಾದ್ರೆ ಪುಡಿ ಒಳ್ಳೇದು ಅಂತಿದ್ದೆ. ಅನ್ನೋದಿಲ್ಲ. ಪುಡಿ ಹಾಕಿದ್ದು ತಪ್ಪೇ. ಆದ್ರೆ ನಿಮ್ಮ ಮಗನ ತಲೆಯ ರಕ್ತ ನಮ್ಮಲ್ಲಿಗೆ ಬರುವಾಗ ನಿಂತಿತ್ತು. ಪುಡಿಯಿಂದ ನಿಂತದ್ದಲ್ಲ ಅದು, ನಿಮ್ಮ ಕೈಯ ಹಿಡಿತದಿಂದ. ಹೇಗೆ ಹಿಡಿದಿದ್ರಿ ಅಂತ ಇವರಿಗೆಲ್ಲ ತೋರಿಸಿ."

ಒಂದು ಕುರ್ಚಿ ಎಳೆದು ಸುಲೋಚನಮ್ಮನ ಮುಂದೆ ಕೂತವಳೇ, ಪಾಠಕ್ಕೆಂದು ಹೆಗಲಿಗೆ ಹಾಕಿಕೊಂಡಿದ್ದ ಒಗೆದ ಟವೆಲ್ಲನ್ನು ಮಡಚಿ ಅವರ ಕೈಗಿಟ್ಟು ತಲೆ ಬಾಗಿಸಿದಳು. ಸುಲೋಚನಮ್ಮ ಹೊನ್ನಮ್ಮನ ಕಡೆ ನೋಡಿದರು, ಟವೆಲ್ ನೋಡಿದರು. ಮುಂದೆ ಬಂದ ಕೈ ನಿಶ್ಮಿತಾಳ ಕಿವಿಯ ಹಿಂದೆ ಟವೆಲ್ಲನ್ನು ಒತ್ತಿ ಹಿಡಿಯಿತು. ಇನ್ನೊಂದು ಕೈ ತಾನಾಗಿ ಬಂದು ಹಣೆಗೆ ಆತುಕೊಂಡಿತು. ನಿಶ್ಮಿತಾಳಿಗೆ ನೋವಾಗುವಷ್ಟು ಗಟ್ಟಿ ಹಿಡಿತ ಅದು.

"ಹಿಂಗೇ ಹಿಡಿದಿದ್ದೆ ಕಣಮ್ಮ. ಆಸ್ಪತ್ರೆ ಬರೋಗಂಟ ಬಿಡ್ಲಿಲ್ಲ."

"ನೋಡಿಕೊಳ್ಳಿ ಎಲ್ಲರೂ!" ಬಾಗಿದ ತಲೆಯಿಂದಲೇ ನಿಶ್ಮಿತಾ ಕೂಗಿ ಹೇಳಿದಳು. "ಶುದ್ಧ ಬಟ್ಟೆ, ಅದರ ಮೇಲೆ ಈ ಹಿಡಿತ. ಆಸ್ಪತ್ರೆ ಮುಟ್ಟೋವರೆಗೆ ಬಿಡಬಾರದು. ಪುಡಿ ಡಬ್ಬಿ ಒಲೆ ಪಕ್ಕದಲ್ಲೇ ಇರಲಿ. ಗೊತ್ತಾಯ್ತಾ?"

ಗೊತ್ತಾಯಿತೆಂದು ಹೆಂಗಸರು ತಲೆಯಾಡಿಸಿದರು. ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೊನ್ನಮ್ಮ ವಂದನಾರ್ಪಣೆ ಮುಗಿಸಿದರು. ಉಪ್ಪಿಟ್ಟು ಹಂಚಿದ್ದಾಯಿತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾಯಿತು. ಬೀಗ ಹಾಕುವ ಕೆಂಚ ಬಂದು ಬಾಗಿಲಲ್ಲಿ ಕಾದು ನಿಂತ.

ಸುಲೋಚನಮ್ಮನ ಕೈ ಮಾತ್ರ ಆ ತಲೆಯನ್ನು ಬಿಟ್ಟಿರಲಿಲ್ಲ. ಸಾಕು ಎಂದು ನಿಶ್ಮಿತಾಳೂ ಹೇಳಲಿಲ್ಲ.